ಚಿತ್ರ ಒಂದೇ, ಲಿಪಿ ಎರಡು

ರಾಯಚೂರಿನ ತೀನ್ ಕಂದೀಲ್ ಸಮೀಪದ ಹಳೇ ಪುಸ್ತಕದಂಗಡಿಗೆ ದೇವದುರ್ಗದ ಮನೆಯೊಂದರಿಂದ ಬಂದಿದ್ದ ಕಟ್ಟು ಬಿಚ್ಚಿದರೆ ಮಕ್ಕಳ ಮಾಸಪತ್ರಿಕೆ ‘ಚಂದಮಾಮ’. ಹಳೇ ಚಂದಮಾಮ ಯಾವ ಊರಿನ ಅಟ್ಟದಲ್ಲೂ ಸಿಕ್ಕೀತು. ಆದರೆ ಈ ಕಟ್ಟಿನಲ್ಲಿ ಪ್ರತಿ ತಿಂಗಳಿನದೂ ಎರಡು ಸಂಚಿಕೆ: ಒಂದು ಕನ್ನಡ, ಇನ್ನೊಂದು ತೆಲುಗು.

“ಇವು ತೂಕದ ಲೆಕ್ಕದಾಗ ಇಲ್ರೀ” ಎಂದು ಅಂಗಡಿಯವರು ಮೊದಲೇ ಹೇಳಿಬಿಟ್ಟರು. ಪುಸ್ತಕ ಹುಡುಕಲು ಮಾನ್ವಿಯಿಂದ ಬಂದಿದ್ದ ನಿವೃತ್ತ ಶಿಕ್ಷಕಿ ಆಗಲೇ ಒಂದು ಜೋಡಿಯನ್ನು ಪಕ್ಕಪಕ್ಕ ಹರಡಿ ಕೂತಿದ್ದರು. ಎರಡರಲ್ಲೂ ಅದೇ ವಿಕ್ರಮ, ಕೈಯಲ್ಲಿ ಅದೇ ಕತ್ತಿ, ಹೆಗಲ ಮೇಲೆ ಅದೇ ಹೆಣ. ಕೆಳಗಿನ ಅಕ್ಷರ ಮಾತ್ರ ಬೇರೆ. ತಲಕಟ್ಟು, ದೀರ್ಘಗಳ ವ್ಯತ್ಯಾಸ ಹಿಡಿದರೆ ಸಾಕು, ಕತೆ ಗೊತ್ತಿದ್ದ ಕನ್ನಡದ ಮಗು ತೆಲುಗನ್ನೂ ಓದಿಬಿಡುತ್ತದೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆ ಕೇಳುವ ಈ ಗಡಿಸೀಮೆಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಬೇಕಿರಲಿಲ್ಲ.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದ್ರಾಸಿನಲ್ಲಿ ಪತ್ರಿಕೆಯನ್ನು ತೆಲುಗು, ತಮಿಳಿನಲ್ಲಿ ತಂದರು. ಕನ್ನಡಕ್ಕೆ ಬಂದದ್ದು 1949ರಲ್ಲಿ. ರಾಯಚೂರು ಆಗ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ತೆಲುಗು ಕತೆಗಾರ ಕೊಡವಟಿಗಂಟಿ ಕುಟುಂಬರಾವ್ ದಶಕಗಳ ಕಾಲ ಇದರ ಗದ್ಯವನ್ನು ತಿದ್ದಿದರು. ಎಂ.ಟಿ.ವಿ. ಆಚಾರ್ಯ ಮುಖಪುಟಕ್ಕೆ ಮಹಾಭಾರತವನ್ನು ಬರೆದರು.

ವಿಕ್ರಮ ಮತ್ತು ಅವನ ಹೆಗಲ ಹೆಣದೊಳಗಿನ ಬೇತಾಳನ ಚಿತ್ರ ‘ಶಂಕರ್’ ಅವರದು. ಕೆ.ಸಿ. ಶಿವಶಂಕರನ್ (1924–2020) ಆ ರಾಜನನ್ನು ಬರೆಯುತ್ತಲೇ ಮುದುಕರಾದರು. ಸಂಸ್ಕೃತದ ಬೇತಾಳ ಹೇಳಿದ್ದು 25 ಕತೆ. ಅಷ್ಟು ಮುಗಿದ ಮೇಲೂ ಚಂದಮಾಮ ಬೇತಾಳನನ್ನು ಬಿಡಲಿಲ್ಲ, ಅದೇ ಚೌಕಟ್ಟಿನೊಳಗೆ ಹೊಸ ಕತೆಗಳನ್ನು ಹೆಣೆಯುತ್ತಲೇ ಹೋಯಿತು. ಪ್ರತಿ ತಿಂಗಳೂ ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತದೆ, ರಾಜ ಉತ್ತರಿಸುತ್ತಾನೆ, ಮೌನ ಮುರಿಯುತ್ತದೆ, ಬೇತಾಳ ಮರಕ್ಕೆ ಹಾರುತ್ತದೆ. ಗೆದ್ದವನೇ ಸೋಲುವ ಈ ಏರ್ಪಾಟಿನ ಸೊಗಸನ್ನು ವಿಮರ್ಶಕರು ತಕ್ಕಷ್ಟು ಗಮನಿಸಿಲ್ಲ. ಪ್ರಶ್ನೆಗಳೋ ಶಾಲೆಯವಲ್ಲ, ನ್ಯಾಯಪೀಠದವು. ತಲೆಗಳು ಅದಲುಬದಲಾದರೆ ಹೆಣ್ಣಿನ ಗಂಡ ಯಾರು ಎಂಬ ಹಳೆಯ ಬೇತಾಳ ಪ್ರಶ್ನೆಯೇ ಗಿರೀಶ ಕಾರ್ನಾಡರ ‘ಹಯವದನ’ಕ್ಕೆ ಬೇರು. ಎಂಟು ವರ್ಷದ ಮಗುವಿಗೆ ಅಂಥದ್ದನ್ನು ಕೊಡಲು ಧೈರ್ಯ ಬೇಕು.

ಮಕ್ಕಳಿಗೆ ಕತೆ ಕೊಡುವ ಹಾದಿ ಅಮೆರಿಕದಲ್ಲಿ ಬೇರೆಯಿತ್ತು. ಮ್ಯಾಟೆಲ್ ಕಂಪನಿ 1982ರಲ್ಲಿ ಹೀ-ಮ್ಯಾನ್ ಗೊಂಬೆ ಇಳಿಸಿತು, ಪೊಟ್ಟಣದೊಳಗೇ ಪುಟ್ಟ ಚಿತ್ರಕತೆ ಇಟ್ಟಿತು, ಟಿ.ವಿ. ಸರಣಿ, ಮಕ್ಕಳ ಪತ್ರಿಕೆ ಬೆನ್ನಿಗೇ ಬಂದವು. ಮೊದಲು ಗೊಂಬೆ, ಅದನ್ನು ಮಾರಲು ಕತೆ. ರಾಯಚೂರು ಜಿಲ್ಲೆಗೂ ತನ್ನ ಗೊಂಬೆಗಳಿದ್ದವು: 1997ರಲ್ಲಿ ಕೊಪ್ಪಳ ಬೇರೆಯಾಗುವ ತನಕ ಕಿನ್ನಾಳ ಇದೇ ಜಿಲ್ಲೆಯ ಊರು. ಹಗುರ ಮರಕ್ಕೆ ಹುಣಸೆಬೀಜದ ಅಂಟು, ಮರದ ಹೊಟ್ಟಿನ ಲೇಪ, ಮೇಲೆ ಢಾಳಾದ ಬಣ್ಣ. ಅಲ್ಲಿ ದೇವರ ಕತೆ ಮೊದಲು, ಗೊಂಬೆ ಆಮೇಲೆ. ಚಂದಮಾಮ ಈ ಮನೆತನಕ್ಕೆ ಸೇರಿದ್ದು.

ಪತ್ರಿಕೆ 1998ರಲ್ಲಿ ನಿಂತು, ಮರುವರ್ಷ ಎದ್ದು, 2007ರಲ್ಲಿ ಮಾಲೀಕರನ್ನು ಬದಲಿಸಿ, 2013ರ ಹೊತ್ತಿಗೆ ಮುಚ್ಚಿತು. ಕೊನೆಯ ವರ್ಷಗಳ ಸಂಚಿಕೆಗಳು ಕಟ್ಟಿನಲ್ಲಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಶಿಕ್ಷಕಿ ಕನ್ನಡದವನ್ನಷ್ಟೇ ಕೊಳ್ಳಲು ಹೊರಟಾಗ ಅಂಗಡಿಯವರು ಒಪ್ಪಲಿಲ್ಲ. “ಜೋಡಿ ಒಡೀಬ್ಯಾಡ್ರಿ, ಅಮ್ಮಾವ್ರೆ.” ಆಕೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮಾನ್ವಿ ಬಸ್ಸಿಗೆ ಹೊರಟರು.