ಬೇಸಿಗೆಗೆ ಜರ್ಮನಿಯ ಲ್ಯಾಬೋ, ಕ್ಯಾಂಪಸ್‌ಗೆ ಬಂದ ಕಂಪನಿಯೋ?

ಈ ವಾರದ ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೀತಿದ್ದೀನಿ. ಪುಣೆಯ ಕನ್ನಡ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು: ಮಗಳು ಎಂಜಿನಿಯರಿಂಗ್ ಮೂರನೇ ವರ್ಷ, ಜರ್ಮನಿಯ ಪ್ರೊಫೆಸರ್ ಒಬ್ಬರು ಕರೆದಿದ್ದಾರೆ, ಅದೇ ಬೇಸಿಗೆಗೆ ಕ್ಯಾಂಪಸ್‌ನಲ್ಲಿ ಕಂಪನಿಯೂ ಸಿಕ್ಕಿದೆ. ಯಾವುದನ್ನ ಬಿಡೋದು?

ಮೊದಲು ನಾನಿರೋ ಶಿವಾಜಿನಗರದ ಕಥೆ ಒಂದು. ಇದರ ಹಳೇ ಹೆಸರು ಭಾಂಬುರ್ಡೆ. 1854ರಲ್ಲಿ ಶುರುವಾದ, ಈಗ ನಾವು ಸಿಒಇಪಿ ಅನ್ನೋ ಕಾಲೇಜಿನಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಓದಿದ್ದು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಬಂದು, 1883ರಲ್ಲಿ ಎಲ್‌ಸಿಇ ಪರೀಕ್ಷೆಗೆ ಮೊದಲಿಗರಾದರು. (ಆ ಕಾಲದ ಮೈಸೂರಿನ ಹುಡುಗನಿಗೆ ಪುಣೆಯೇ ಪರದೇಶ ಬಿಡಿ.) ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಶುರುವಿನಲ್ಲೇ ಸಿಕ್ಕ ಕೆಲಸಗಳಲ್ಲಿ ಒಂದು, ಧುಳೆ ಕಡೆಯ ಪಾಂಜರಾ ನದಿಗೆ ಪೈಪ್ ಸೈಫನ್ ಹಾಕೋದು. ಪರೀಕ್ಷೆಯ ದಿನ ಹೊಳೆಗೆ ಪ್ರವಾಹ ಬರಲ್ಲ, ಅಲ್ಲಿ ಬರುತ್ತೆ.

ಕಾಲೇಜಿಗೂ ಇಂಟರ್ನ್‌ಶಿಪ್‌ಗೂ ಇರೋ ವ್ಯತ್ಯಾಸ ಇಷ್ಟೇ. ಕಾಲೇಜಿನಲ್ಲಿ ಪ್ರಶ್ನೆ ಕೊಟ್ಟವರಿಗೆ ಉತ್ತರ ಗೊತ್ತಿರುತ್ತೆ. ಲ್ಯಾಬ್ ಜರ್ನಲ್‌ಗೆ ಎಷ್ಟು ರೀಡಿಂಗ್ ಬರಬೇಕು ಅಂತ ಸೀನಿಯರ್ಸ್ ಮೊದಲೇ ಹೇಳಿರ್ತಾರೆ. ನಾನು ಮೂರನೇ ವರ್ಷದ ಬೇಸಿಗೆಯಲ್ಲಿ ಜರ್ಮನಿಯ ಒಂದು ಲ್ಯಾಬ್‌ನಲ್ಲಿ ಎರಡೂವರೆ ತಿಂಗಳಿದ್ದೆ. ಮೊದಲ ವಾರ ಯಾರೂ ಏನೂ ಹೇಳಲಿಲ್ಲ. ಹಾಜರಿ ಇಲ್ಲ, ಯೂನಿಟ್ ಟೆಸ್ಟ್ ಇಲ್ಲ, ಬೈಯೋರೂ ಇಲ್ಲ! ನನ್ನನ್ನ ನೋಡಿಕೊಳ್ತಿದ್ದ ಪಿಎಚ್‌ಡಿ ವಿದ್ಯಾರ್ಥಿಗೂ ಉತ್ತರ ಗೊತ್ತಿರಲಿಲ್ಲ. ವಾರದ ಮೀಟಿಂಗ್‌ನಲ್ಲಿ "ಏನೂ ಬರಲಿಲ್ಲ" ಅಂದಾಗ ಎಲ್ಲರೂ ತಲೆ ಎತ್ತಿ, ಯಾಕೆ ಬರಲಿಲ್ಲ ಅಂತ ಅರ್ಧ ಗಂಟೆ ಚರ್ಚೆ ಮಾಡಿದರು. ಇಲ್ಲಿನ ವೈವಾದಲ್ಲಿ ಆ ಮಾತು ಆಡಿ ನೋಡಿ.

ಊಟ, ಚಳಿ, ಭಾನುವಾರ ಅಂಗಡಿ ಮುಚ್ಚೋದು, ಇವೆಲ್ಲ ಎರಡು ವಾರದಲ್ಲಿ ಅಭ್ಯಾಸ ಆಗುತ್ತೆ. ಸಂಜೆಗೆ ಲ್ಯಾಬ್ ಖಾಲಿ ಆದಮೇಲಿನ ಒಂಟಿತನ ಅಷ್ಟು ಬೇಗ ಹೋಗಲ್ಲ. ಹಾಸ್ಟೆಲ್‌ನಲ್ಲಿ ಬೆಳೆದವರಿಗೆ ಅದು ಜಾಸ್ತಿ.

ಈಗ ದುಡ್ಡಿನ ಮಾತು. ಡಿಎಎಡಿಯ ವೈಸ್ ಯೋಜನೆ ಎರಡು-ಮೂರು ತಿಂಗಳದ್ದು, ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ 12 ವಾರದ್ದು. ಎರಡರಲ್ಲೂ ಹಣ ಅವರೇ ಕೊಡ್ತಾರೆ. ನೀವೇ ಲಕ್ಷಗಟ್ಟಲೆ ಕಟ್ಟೋ "ಇಂಟರ್ನ್‌ಶಿಪ್ ಪ್ಯಾಕೇಜ್" ಪ್ರವಾಸ ಅಷ್ಟೇ ಅನ್ನೋದು ನನ್ನ ಅಭಿಪ್ರಾಯ. ಆದರೆ ಲ್ಯಾಬ್‌ನಿಂದ ಕೆಲಸದ ಆಫರ್ ಬರಲ್ಲ. ಕಂಪನಿ ಇಂಟರ್ನ್‌ಶಿಪ್‌ನಿಂದ ಬರಬಹುದು. ಮನೆಯ ಸಾಲದ ಕಂತು ಅವಳ ಮೊದಲ ಸಂಬಳಕ್ಕೆ ಕಾಯ್ತಿದ್ದರೆ ಕಂಪನಿಗೇ ಹೋಗಲಿ, ಅದರಲ್ಲಿ ನಾಚಿಕೆ ಏನಿಲ್ಲ. ಇಲ್ಲದಿದ್ದರೆ ನಾನು ಜರ್ಮನಿ ಅಂತೀನಿ. ಕೋಡ್ ಬರೆಯೋ ನೌಕರಿ ನಾಲ್ಕನೇ ವರ್ಷದಲ್ಲೂ ಹುಡುಕಬಹುದು, ಆ ಬೇಸಿಗೆ ಮತ್ತೆ ಬರಲ್ಲ.

ಒಪ್ಪೋ ಮೊದಲು ಪ್ರೊಫೆಸರ್‌ಗೆ ಒಂದು ಮೇಲ್ ಹಾಕಿಸಿ: ದಿನಾ ಮಾರ್ಗದರ್ಶನ ಮಾಡೋರು ಯಾರು, ಆಗಸ್ಟ್‌ನಲ್ಲಿ ಅವರು ಊರಲ್ಲಿರ್ತಾರಾ? ಆ ತಿಂಗಳು ಅಲ್ಲಿ ಅರ್ಧ ಜನ ರಜೆ ಮೇಲಿರ್ತಾರೆ.