ಮೇಲ್ಮನೆಯ ಸದ್ದಿಗೆ ಮದ್ದು

ಅಪಾರ್ಟ್‌ಮೆಂಟಿನ ಸದ್ದಿನ ಜಗಳಗಳು ಹೆಚ್ಚಾಗಿ ಕೆಡುವುದು ಒಂದೇ ರೀತಿಯಲ್ಲಿ. ದೂರು ಸದ್ದಿನ ಮೇಲೆ ಶುರುವಾಗಿ ಮನುಷ್ಯರ ಮೇಲೆ ಹೋಗಿ ನಿಲ್ಲುತ್ತದೆ. "ಮೇಲಿನ ಮನೆಯವರಿಗೆ ನಡೆಯೋದೇ ಗೊತ್ತಿಲ್ಲ" ಎಂಬ ಮಾತು ಒಮ್ಮೆ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿತ್ತೆಂದರೆ, ಕುರ್ಚಿಯ ಕಾಲಿಗೆ ರಬ್ಬರ್ ಬುಶ್ ಹಾಕಿಸುವಷ್ಟು ಸಣ್ಣ ವಿಷಯಕ್ಕೂ ಆಮೇಲೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಕದ ತಟ್ಟುವ ಮೊದಲು ಮಾಡಬೇಕಾದ ಕೆಲಸ ಸದ್ದನ್ನು ಗುರುತು ಹಿಡಿಯುವುದು. ಅದು ಎಂಥದ್ದು, ಯಾವ ದಾರಿಯಲ್ಲಿ ಬರುತ್ತಿದೆ, ಎಷ್ಟು ಹೊತ್ತಿಗೆ ಬರುತ್ತಿದೆ ಎಂಬುದು ತಿಳಿದರೆ ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು ಎಂಬುದು ಬಹುತೇಕ ತಾನಾಗಿ ತೀರ್ಮಾನವಾಗುತ್ತದೆ.

ಸದ್ದು ನಮ್ಮ ಮನೆಗೆ ಬರಲು ಎರಡು ದಾರಿಗಳಿವೆ. ಟಿ.ವಿ., ಮಾತು, ಹಾಡು, ನಾಯಿಯ ಬೊಗಳಾಟ ಇವೆಲ್ಲ ಮೊದಲು ಗಾಳಿಯಲ್ಲಿ ಸಾಗಿ, ಕಿಟಕಿಯ ಸಂದು, ಬಾಗಿಲ ಕೆಳಗಿನ ಬಿರುಕು, ಬಚ್ಚಲುಮನೆಯ ಡಕ್ಟ್ ಇಂಥ ತೆರವುಗಳನ್ನು ಹುಡುಕಿಕೊಂಡು ಬರುತ್ತವೆ. ಗೋಡೆ ಭಾರವಾಗಿದ್ದಷ್ಟೂ ಈ ಜಾತಿಯ ಸದ್ದಿಗೆ ತಡೆ ಹೆಚ್ಚು. ಇನ್ನೊಂದು ಜಾತಿ ಬೇರೆಯೇ. ಕುರ್ಚಿ ಎಳೆದದ್ದು, ಹಿಮ್ಮಡಿ ಊರಿ ನಡೆದದ್ದು, ತೆಂಗಿನಕಾಯಿಯನ್ನು ನೆಲಕ್ಕೆ ಕುಕ್ಕಿ ಒಡೆದದ್ದು, ಮಗು ಆಟಿಕೆ ಎಸೆದದ್ದು. ಇಲ್ಲಿ ಪೆಟ್ಟು ನೇರವಾಗಿ ಕಾಂಕ್ರೀಟಿಗೆ ಬೀಳುತ್ತದೆ. ಆ ಅದುರು ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಕಂಬಕ್ಕೆ, ಕಂಬದಿಂದ ನಿಮ್ಮ ಮಲಗುವ ಕೋಣೆಯ ಗೋಡೆಗೆ ಹರಿದು, ಅಲ್ಲಿ ಮತ್ತೆ ಸದ್ದಾಗಿ ಹೊರಬರುತ್ತದೆ. ರೈಲು ಹಳಿಗೆ ಕಿವಿ ಇಟ್ಟವರಿಗೆ ದೂರದ ಗಾಡಿ ಕೇಳಿಸುವ ಹಾಗೆ.

ನಮ್ಮ ಕಡೆ ಕಟ್ಟುವ ರೀತಿಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಸ್ಲ್ಯಾಬಿನ ಮೇಲೆ ಸಿಮೆಂಟು ಗಾರೆ, ಗಾರೆಯ ಮೇಲೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್. ನಡುವೆ ಪೆಟ್ಟನ್ನು ನುಂಗುವ ಮೆತ್ತನೆಯ ಪದರ ಸಾಮಾನ್ಯವಾಗಿ ಇರುವುದಿಲ್ಲ. ಬಿಸಿಲಿನ ಊರಿಗೆ ತಂಪಾದ ನೆಲ ಒಳ್ಳೆಯದೇ. ಒರೆಸಲೂ ಸುಲಭ. ಆದರೆ ಕೆಳಗಿನ ಮನೆಯವರಿಗೆ ಅದೇ ನೆಲ ತಮಟೆ. ಗಮನಿಸಿ, ಮೇಲಿನವರು ಒರಟರಾಗಿರಲೇಬೇಕಿಲ್ಲ. ಬರಿಗಾಲಲ್ಲಿ ಸಹಜವಾಗಿ ನಡೆದರೂ ಧಪಧಪ ಎಂದು ಕೇಳುವ ಕಟ್ಟಡಗಳಿವೆ. ಬಿಲ್ಡರ್ ಉಳಿಸಿದ ದುಡ್ಡಿಗೆ ಎರಡು ಮನೆಯವರು ಕಾದಾಡುತ್ತಾರೆ.

ಕಟ್ಟಡದ ಮೈಯಲ್ಲಿ ಹರಿಯುವ ಸದ್ದಿನ ದೊಡ್ಡ ಮೋಸವೆಂದರೆ ಅದಕ್ಕೆ ದಿಕ್ಕಿಲ್ಲ. ನೆತ್ತಿಯ ಮೇಲಿನಿಂದಲೇ ಬಂತು ಎನಿಸಿದ್ದು ಪಕ್ಕದ ಸಾಲಿನ ಮೇಲಿನ ಮನೆಯದ್ದಿರಬಹುದು, ಎರಡು ಅಂತಸ್ತು ಆಚೆಯದ್ದೂ ಇರಬಹುದು. ನೀರಿನ ಪೈಪಿನಲ್ಲಿ ಒತ್ತಡ ಏರುಪೇರಾದಾಗಲೂ ಯಾರೋ ಗೋಡೆ ಕುಟ್ಟಿದ ಹಾಗೆ ಕೇಳುತ್ತದೆ. ಆದ್ದರಿಂದ ಒಂದೆರಡು ವಾರ ಕ್ಯಾಲೆಂಡರಿನ ಮೇಲೋ ಫೋನಿನಲ್ಲೋ ಗುರುತು ಹಾಕಿಕೊಳ್ಳಿ: ಎಷ್ಟು ಗಂಟೆಗೆ, ಎಷ್ಟು ಹೊತ್ತು, ಯಾವ ಕೋಣೆಯಲ್ಲಿ ಜೋರು. ಮೇಲಿನ ಮನೆಯವರು ಊರಿಗೆ ಹೋದ ದಿನವೂ ಅದೇ ಸದ್ದು ಬಂದರೆ ನಿಮ್ಮ ಅನುಮಾನ ತಪ್ಪು. ಪಕ್ಕದ ಮನೆಯವರನ್ನೂ ಕೇಳಿ. ಅವರಿಗೂ ಕೇಳಿಸುತ್ತಿದ್ದರೆ ಮೂಲ ಹುಡುಕುವುದು ಸುಲಭ. ಮೊಬೈಲಿನ ಡೆಸಿಬೆಲ್ ಆ್ಯಪ್‌ನ ಅಂಕಿ ಪೊಲೀಸರ ಮುಂದೆಯೋ ಕೋರ್ಟಿನಲ್ಲೋ ಗಟ್ಟಿ ಪುರಾವೆಯಾಗಿ ನಿಲ್ಲುವುದು ಕಷ್ಟ. ಆದರೂ ಇವತ್ತು ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ನೋಡಲು ಸಾಕು. ಡೆಸಿಬೆಲ್ ಲೆಕ್ಕ ನೇರ ಕೂಡಿಕೆಯದ್ದಲ್ಲ ಎಂಬುದು ನೆನಪಿರಲಿ: 10 ಡೆಸಿಬೆಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಜೋರು.

ಪೆಟ್ಟಿನ ಸದ್ದಿಗೆ ಮದ್ದು ಹಚ್ಚಬೇಕಾದದ್ದು ಹುಟ್ಟುವ ಜಾಗದಲ್ಲೇ, ಅಂದರೆ ಮೇಲಿನ ಮನೆಯ ನೆಲದ ಮೇಲೆ. ಕುರ್ಚಿ, ಡೈನಿಂಗ್ ಟೇಬಲ್, ಮಂಚದ ಕಾಲಿಗೆ ಫೆಲ್ಟ್ ಅಥವಾ ರಬ್ಬರ್ ಬುಶ್. ಮಕ್ಕಳು ಆಡುವ ಕಡೆ ದಪ್ಪನೆಯ ಫೋಮ್ ಮ್ಯಾಟ್. ಓಡಾಟ ಹೆಚ್ಚಿರುವ ಕಡೆ ಜಮಖಾನ. ಗ್ರೈಂಡರ್ ಮತ್ತು ಮಿಕ್ಸಿ ಕೂರುವ ಗ್ರಾನೈಟ್ ಕಟ್ಟೆ ಗೋಡೆಗೆ ಸೇರಿಕೊಂಡೇ ಇರುವುದರಿಂದ ಅದುರು ಸೀದಾ ಗೋಡೆಗೆ ಹೋಗುತ್ತದೆ. ಕೆಳಗೊಂದು ದಪ್ಪ ರಬ್ಬರ್ ಮ್ಯಾಟ್ ಹಾಸಿದರೆ ಆ ಕೊಂಡಿ ತುಂಡಾಗುತ್ತದೆ. ವಾಷಿಂಗ್ ಮೆಷಿನ್ ಹಿಂಡುವಾಗ ಕುಣಿದಾಡುತ್ತಿದ್ದರೆ ನಾಲ್ಕು ಕಾಲೂ ಸಮವಾಗಿ ನೆಲ ಮುಟ್ಟಿವೆಯೇ ನೋಡಬೇಕು. ಮುಂದಿನಿಂದ ಬಟ್ಟೆ ಹಾಕುವ ಹೊಸ ಮೆಷಿನ್ ಆದರೆ, ಸಾಗಣೆಗೆಂದು ಹಿಂಬದಿಯಲ್ಲಿ ಬಿಗಿದಿರುವ ಬೋಲ್ಟುಗಳನ್ನು ಬಿಚ್ಚಲು ಮರೆತಿರಬಹುದು. ಅವು ಇದ್ದಷ್ಟು ದಿನ ಮೆಷಿನ್ ಅಡ್ಡಾದಿಡ್ಡಿ ಜಿಗಿಯುತ್ತದೆ, ಹಾಳೂ ಆಗುತ್ತದೆ. ಇದನ್ನು ತಿಳಿಸಿದರೆ ಮೇಲಿನವರಿಗೂ ಉಪಕಾರವೇ.

ಕೆಳಗಿನವರು ತಮ್ಮ ಕಡೆಯಿಂದ ಮಾಡಿಸುವ ಖರ್ಚುಗಳಲ್ಲಿ ಕೆಲವು ದಂಡ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಹೆಜ್ಜೆ ಸದ್ದು ನಿಲ್ಲುತ್ತದೆ ಎಂಬ ಭರವಸೆ ಕೊಡುವವರಿದ್ದಾರೆ. ಅದುರು ಗೋಡೆಗಳಿಂದಲೂ ಇಳಿದು ಬರುವಾಗ ಚಾವಣಿಯೊಂದನ್ನೇ ಮುಚ್ಚಿ ಹೆಚ್ಚು ಫಲವಿಲ್ಲ. ಮೊಟ್ಟೆ ಟ್ರೇಯಂತೆ ಕಾಣುವ ಫೋಮ್ ಹಾಳೆಗಳು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತವೆ, ಆಚೆಯ ಸದ್ದನ್ನು ತಡೆಯುವುದಿಲ್ಲ. ತಡೆಗೆ ಭಾರ ಬೇಕು, ಫೋಮಿಗೆ ಭಾರವೆಲ್ಲಿದೆ? ಗಾಳಿಯಲ್ಲಿ ಬರುವ ಸದ್ದಿಗೆ ಮಾತ್ರ ನಮ್ಮ ಮನೆಯೊಳಗೇ ಸ್ವಲ್ಪ ಉಪಾಯವಿದೆ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಬಿಗಿಯಾಗಿ ಮುಚ್ಚುವ ಚೌಕಟ್ಟು, ಸಾಧ್ಯವಾದರೆ ಲ್ಯಾಮಿನೇಟೆಡ್ ಗಾಜು. ಸಂದು ಮುಚ್ಚುವುದು ಅಗ್ಗ, ಅದರಿಂದಲೇ ಶುರು ಮಾಡಿ. ಸಬ್‌ವೂಫರಿನ ಗುಂಯ್‌ಗುಂಯ್‌ಗೆ ಇದ್ಯಾವುದೂ ನಾಟುವುದಿಲ್ಲ. ಅದನ್ನು ನೆಲದಿಂದ ಎತ್ತಿ ಮೆತ್ತನೆಯ ಪ್ಯಾಡಿನ ಮೇಲಿಟ್ಟು, ಬಾಸ್ ಇಳಿಸಿಕೊಳ್ಳಬೇಕಾದವರು ಅದರ ಯಜಮಾನರೇ.

ಇನ್ನು ಮಾತುಕತೆ. ಸದ್ದು ಆಗುತ್ತಿರುವ ಹೊತ್ತಿನಲ್ಲಿ ಮೆಟ್ಟಿಲೇರಬೇಡಿ. ಆಗ ನಿಮ್ಮ ದನಿಯೂ ಏರಿರುತ್ತದೆ. ಮರುದಿನ ಸಂಜೆಯೋ ಭಾನುವಾರ ಬೆಳಿಗ್ಗೆಯೋ ಹೋಗಿ, ಒಬ್ಬರೇ ಹೋಗಿ. ಲಿಫ್ಟಿನಲ್ಲಿ ಸಿಕ್ಕಾಗ, ಮಕ್ಕಳ ಎದುರಿಗೆ, ಮನೆಗೆಲಸದವರ ಮೂಲಕ ಹೇಳಿಸುವುದು ಇವೆಲ್ಲ ಅವಮಾನದಂತೆ ತಟ್ಟುತ್ತವೆ. "ಸರ್, ನಾನು ಕೆಳಗಡೆ ಮನೆಯವನು. ರಾತ್ರಿ ಹನ್ನೊಂದರ ಮೇಲೆ ಏನೋ ಎಳೆದ ಹಾಗೆ ಕೇಳ್ಸುತ್ತೆ. ನಿಮ್ಮನೇದೋ ಬೇರೆ ಕಡೇದೋ ಗೊತ್ತಾಗ್ತಿಲ್ಲ. ಒಂದ್ಸಲ ನಮ್ಮನೆಗೆ ಬಂದು ಕೇಳ್ತೀರಾ?" ಎಂದರೆ ಸಾಕು. ಕೊನೆಯ ಆ ಆಹ್ವಾನದಲ್ಲೇ ಮುಕ್ಕಾಲು ಕೆಲಸವಿದೆ. ಮೇಲಿನವರು ತಮ್ಮ ಸದ್ದನ್ನು ಎಂದೂ ಕೇಳಿರುವುದಿಲ್ಲ. ಅವರ ಮನೆಯಲ್ಲಿ ಒಬ್ಬರು ನಡೆಯುತ್ತ, ಇನ್ನೊಬ್ಬರು ನಿಮ್ಮ ಮಲಗುವ ಕೋಣೆಯಲ್ಲಿ ನಿಂತು ಕೇಳಿದರೆ ವಾದಕ್ಕೆ ಎಡೆಯೇ ಇರದು. ಕೇಳುವಾಗಲೂ "ಸದ್ದು ಮಾಡಬೇಡಿ" ಎನ್ನದೆ "ಹತ್ತೂವರೆಯ ಮೇಲೆ ಆ ಟೇಬಲ್ ಎಳೆಯದಿದ್ದರೆ ಸಾಕು" ಎಂದು ಒಂದೇ ಒಂದನ್ನು ಕೇಳಿ. ಮೊದಲನೆಯದು ತೀರ್ಪು, ಯಾರೂ ಒಪ್ಪುವುದಿಲ್ಲ.

ಬಾಡಿಗೆಗಿರುವ ಹುಡುಗ ಹುಡುಗಿಯರ ಮನೆಯಿಂದ ರಾತ್ರಿ ಪಾರ್ಟಿಯ ಗದ್ದಲ ಬಂದರೆ ಸೆಕ್ಯುರಿಟಿಯವರಿಂದ ಇಂಟರ್‌ಕಾಮ್ ಮಾಡಿಸುವುದು ಮೇಲು. ಆ ಹೊತ್ತಿಗೆ ತಕ್ಷಣದ ಪರಿಹಾರ ಬೇಕು, ಸಂವಾದವಲ್ಲ. ಮತ್ತೆ ಮತ್ತೆ ಆದರೆ ಫ್ಲ್ಯಾಟಿನ ಓನರಿಗೆ ಬರೆಯಬೇಕು. ಆದರೆ ಒಂದು ಮಾತು: ಸಂಸಾರಸ್ಥರ ಮನೆಯ ಹುಟ್ಟುಹಬ್ಬದ ಗದ್ದಲವನ್ನು ಸಹಿಸಿಕೊಂಡು, ಬ್ಯಾಚುಲರ್‌ಗಳ ಮನೆಯ ಅಷ್ಟೇ ಗದ್ದಲಕ್ಕೆ ಮನೆ ಖಾಲಿ ಮಾಡಿಸಿ ಎನ್ನುವ ಅಸೋಸಿಯೇಷನ್‌ಗಳು ಸದ್ದಿನ ನಿಯಮ ಪಾಲಿಸುತ್ತಿಲ್ಲ, ಬೇರೇನನ್ನೋ ಪಾಲಿಸುತ್ತಿವೆ.

ಅಸೋಸಿಯೇಷನ್‌ಗೆ ದೂರು ಕೊಡುವುದಾದರೆ ಬರಹದಲ್ಲಿ, ದಿನಾಂಕ ಮತ್ತು ಹೊತ್ತಿನ ಪಟ್ಟಿಯೊಂದಿಗೆ ಕೊಡಿ. ಕರ್ನಾಟಕದ ಸಂಘಗಳು ಹೆಚ್ಚಾಗಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಅಥವಾ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತವೆ. ಎರಡರಲ್ಲೂ ಅವುಗಳ ಬಲ ಬೈಲಾದಲ್ಲಿ ಬರೆದಿರುವಷ್ಟೇ. ದಂಡ ಹಾಕುವ ನಿಯಮ ಬೈಲಾದಲ್ಲಿಲ್ಲದೆ ಕಾರ್ಯದರ್ಶಿ ಸಿಟ್ಟಿನಲ್ಲಿ ದಂಡ ಹಾಕಿದರೆ ಅದು ನಿಲ್ಲುವುದು ಕಷ್ಟ. ನೀರು, ಕರೆಂಟು ಕತ್ತರಿಸುವ ಬೆದರಿಕೆಯಂತೂ ಸಂಘವನ್ನೇ ತೊಂದರೆಗೆ ಸಿಕ್ಕಿಸುತ್ತದೆ. ಸಂಘ ನಿಜವಾಗಿ ಚೆನ್ನಾಗಿ ಮಾಡಬಲ್ಲ ಕೆಲಸ ಬೇರೆ ಇದೆ: ಇಂಟೀರಿಯರ್ ಕೆಲಸದ ಡ್ರಿಲ್ಲಿಂಗಿಗೆ ಸಮಯ ಗೊತ್ತು ಮಾಡಿ, ಮುಂಗಡ ಠೇವಣಿ ಇಡಿಸಿಕೊಂಡು, ಭಾನುವಾರ ಕೆಲಸ ನಿಲ್ಲಿಸುವುದು, ಪಂಪಿನ ಕೆಳಗೆ ರಬ್ಬರ್ ಕೊಡಿಸುವುದು, ಜನರೇಟರ್ ನೋಡಿಕೊಳ್ಳುವುದು. 2005ರಿಂದೀಚೆಗೆ ತಯಾರಾದ 1000 ಕೆವಿಎವರೆಗಿನ ಡೀಸೆಲ್ ಜನರೇಟರ್ ತನ್ನ ಕವಚದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು ಎಂಬ ಮಿತಿಯಿದೆ. ಕವಚದ ಬಾಗಿಲು ತೆಗೆದಿಟ್ಟು ಓಡಿಸುವ ಅಭ್ಯಾಸವಿದ್ದರೆ ಆ ಮಿತಿ ಕಾಗದದಲ್ಲೇ ಉಳಿಯುತ್ತದೆ.

ಕಾನೂನಿನಲ್ಲಿ ಮುಖ್ಯವಾದದ್ದು 2000ದ ಶಬ್ದಮಾಲಿನ್ಯ ನಿಯಮಗಳು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಹಾಗಾಗಿ ಐದೂವರೆಗೆ ಬಾಲ್ಕನಿಯ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕುವ ಸುಪ್ರಭಾತವೂ ಕಾನೂನಿನ ಕಣ್ಣಿಗೆ ರಾತ್ರಿಯ ಸದ್ದೇ. ಆರು ಗಂಟೆಯ ಚಟ್ನಿಯ ಮಿಕ್ಸಿ ಹಗಲಿನದು. ಖಾಸಗಿ ಸೌಂಡ್ ಸಿಸ್ಟಮ್ಮಿನ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಮೀರುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಪಟಾಕಿ ಹೊಡೆಯುವಂತಿಲ್ಲ, ಸದ್ದು ಮಾಡುವ ಕಟ್ಟಡ ಕಾಮಗಾರಿಯ ಯಂತ್ರ ಓಡಿಸುವಂತಿಲ್ಲ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇವಕ್ಕೆಲ್ಲ ಬೆನ್ನೆಲುಬು. ಮಾತಾಡುವ ಸ್ವಾತಂತ್ರ್ಯವೆಂದರೆ ಕೇಳಲು ಮನಸ್ಸಿಲ್ಲದವರ ಕಿವಿಗೆ ಬಲವಂತವಾಗಿ ಸದ್ದು ತುಂಬುವ ಸ್ವಾತಂತ್ರ್ಯವಲ್ಲ ಎಂಬುದು ಅದರ ಸಾರ.

ಆದರೆ ಈ ಅಂಕಿಗಳ ಒಳಗುಟ್ಟು ತಿಳಿಯದೆ ಅವನ್ನೇ ನೆಚ್ಚಿ ಹೊರಟರೆ ನಿರಾಶೆ ಖಚಿತ. 45, 55 ಎಂಬವು ಒಂದು ಕ್ಷಣದ ಅಂಕಿಗಳಲ್ಲ, ಒಂದಿಷ್ಟು ಹೊತ್ತಿನ ಸರಾಸರಿ. ನಿದ್ದೆ ಕೆಡಿಸುವುದು ನಡುರಾತ್ರಿಯ ಒಂದು ಧಡಕ್. ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಅಂದರೆ ಡಿ.ಜೆ., ಮೈಕು, ಹೋಮ್ ಥಿಯೇಟರಿಗೆ ಈ ನಿಯಮ ಆಯುಧವಾಗಬಲ್ಲದು. ಹೆಜ್ಜೆ ಸದ್ದಿಗೆ, ಕುರ್ಚಿಗೆ ಅಲ್ಲ. ಅವಕ್ಕೆ ಜಮಖಾನವೇ ಕಾನೂನು.

ಮೊದಲ ಜಾತಿಯದ್ದಾದರೆ ರಾತ್ರಿ 112ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನಲ್ಲಿ ಪೊಲೀಸರ ಹೊಯ್ಸಳ ಗಾಡಿ ಬಂದು ಸದ್ದು ಇಳಿಸಿ ಹೋಗುತ್ತದೆ. ಬಹುತೇಕ ಸಲ ಅಷ್ಟಕ್ಕೇ ಮುಗಿಯುತ್ತದೆ. ಚಾಳಿಯೇ ಆಗಿದ್ದರೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಸೆಕ್ಷನ್ನಿನಲ್ಲಿ ಒಂದು ಸಾವಿರ ರೂಪಾಯಿವರೆಗೆ ದಂಡವಿದೆ. ಬೆಂಗಳೂರಿನ ಬಾಡಿಗೆಯ ಮುಂದೆ ಅದೇನು ಮಹಾ ಎನ್ನಬಹುದು, ಆದರೂ ಠಾಣೆಗೆ ಕರೆ ಬಂತೆಂಬುದಕ್ಕೇ ಹಲವರು ತಣ್ಣಗಾಗುತ್ತಾರೆ. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಪ್ರಕಾರ ಉಪದ್ರವ ನಿಲ್ಲಿಸಲು ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಇದಕ್ಕೆ ನಿಮ್ಮೊಬ್ಬರ ಗೋಳು ಸಾಲದು, ನಾಲ್ಕಾರು ಮನೆಗಳ ಸಹಿ ಇದ್ದರೆ ತೂಕ ಬರುತ್ತದೆ. ಒಬ್ಬರದೇ ತೊಂದರೆಯಾದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳುವ ದಾರಿಯಿದೆ. ಅದು ನಿಧಾನ, ಖರ್ಚಿನದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿಯೇ ಮುಂದುವರಿಯುವುದು ಜಾಣತನ.

ಮದ್ದಿಲ್ಲದ ಸದ್ದುಗಳೂ ಇವೆ. ಹಸುಗೂಸಿನ ಅಳು, ವಾಕರ್ ಹಿಡಿದು ರಾತ್ರಿ ಬಚ್ಚಲಿಗೆ ಹೋಗುವ ಅಜ್ಜಿಯ ಟಕ್‌ಟಕ್. ಇವುಗಳ ಮೇಲೆ ದೂರು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಫ್ಯಾನ್ ಜೋರಾಗಿ ಹಾಕಿದರೆ ಅದರ ಒಂದೇ ಸಮನೆಯ ಗುಂಯ್ ಅವನ್ನು ಅಷ್ಟಿಷ್ಟು ಮುಚ್ಚುತ್ತದೆ. ನಾಯಿಯ ವಿಷಯ ಬೇರೆ. ಬೊಗಳುವುದನ್ನೇ ಕಾರಣ ಮಾಡಿ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆದರೆ ದಿನವಿಡೀ ಒಂಟಿಯಾಗಿ ಬಿಟ್ಟ ನಾಯಿ ಬೊಗಳುತ್ತಲೇ ಇರುತ್ತದೆಂದು ಅದರ ಮನೆಯವರಿಗೆ ತಿಳಿದೇ ಇರುವುದಿಲ್ಲ. ಅವರು ಆಫೀಸಿನಲ್ಲಿರುತ್ತಾರಲ್ಲ. ಐದು ನಿಮಿಷದ ರೆಕಾರ್ಡಿಂಗ್ ಅವರಿಗೆ ಕೇಳಿಸಿ, ಗ್ರೂಪಿಗೆ ಹಾಕಬೇಡಿ.

ಹೊಸ ಮನೆ ನೋಡಲು ಹೊರಟವರು ಭಾನುವಾರ ಮಧ್ಯಾಹ್ನ ಬ್ರೋಕರ್ ತೋರಿಸಿದಷ್ಟಕ್ಕೇ ಅಡ್ವಾನ್ಸ್ ಕೊಡದೆ, ವಾರದ ನಡುವೆ ರಾತ್ರಿ ಒಂಬತ್ತರ ಮೇಲೆ ಇನ್ನೊಮ್ಮೆ ಹೋಗಿ. ಮಲಗುವ ಕೋಣೆಯ ಗೋಡೆಯಾಚೆ ಲಿಫ್ಟ್ ಇದೆಯೇ, ಕೆಳಗೆ ಪಂಪ್ ರೂಮ್ ಇದೆಯೇ, ಮೇಲಿನ ಮನೆಯ ಯಾವ ಕೋಣೆ ನಿಮ್ಮ ತಲೆದಿಂಬಿನ ಮೇಲೆ ಬರುತ್ತದೆ ಎಂದು ನೋಡಿ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳಿ.