ಚಪ್ಪಾಳೆ ತಟ್ಟಿ ಬರಮಾಡಿಕೊಂಡ ಸರ್ವಾಧಿಕಾರಿ



ಸರ್ವಾಧಿಕಾರಿ ಅಂದ ಕೂಡಲೇ ನಮಗೆಲ್ಲ ಹಿಟ್ಲರ್ ನೆನಪಾಗುತ್ತಾನೆ. ನಾನು ಈ ಸಲ ಆಫ್ರಿಕಾ ಖಂಡದ ಉಗಾಂಡ ದೇಶವನ್ನು ಎಂಟು ವರ್ಷ ಆಳಿದ ಇದಿ ಅಮೀನ್ ಬಗ್ಗೆ ಬರೆಯುತ್ತಿದ್ದೇನೆ. ಇವನ ವಿಷಯ ಓದುವಾಗ ನನಗೆ ಒಂದು ಪ್ರಶ್ನೆ ಬಹಳ ಕಾಡಿತು. ಇಷ್ಟು ಕ್ರೂರಿಯನ್ನು ಜನ ಮೊದಲ ದಿನ ಯಾಕೆ ಕುಣಿದಾಡಿ ಸ್ವಾಗತಿಸಿದರು?

ನಮ್ಮ ತರಗತಿಯ ಗೋಡೆಯಲ್ಲಿರುವ ಭೂಪಟ ನೋಡಿ. ಭೂಮಧ್ಯ ರೇಖೆಯ ಮೇಲೆ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಉಗಾಂಡ ಇದೆ. ರಾಜಧಾನಿ ಕಂಪಾಲ. ನಮ್ಮ ಹಾಗೆ ಅವರನ್ನೂ ಬ್ರಿಟಿಷರು ಆಳಿದ್ದರು. 1962ರ ಅಕ್ಟೋಬರ್ 9ರಂದು ಸ್ವಾತಂತ್ರ್ಯ ಬಂತು.

ಅಮೀನ್ 1946ರಲ್ಲಿ ಬ್ರಿಟಿಷರ ಸೈನ್ಯಕ್ಕೆ ಅಡುಗೆ ಸಹಾಯಕನಾಗಿ ಸೇರಿದ. ಓದು ಕಡಿಮೆ, ಆದರೆ ಭಾರಿ ಆಳು. ಬಾಕ್ಸಿಂಗ್‌ನಲ್ಲಿ ದೇಶಕ್ಕೇ ಚಾಂಪಿಯನ್. ಹಂತ ಹಂತವಾಗಿ ಮೇಲೇರಿ ಅಧಿಕಾರಿಯಾದ. 1966ರಲ್ಲಿ ಪ್ರಧಾನಿ ಮಿಲ್ಟನ್ ಒಬೋಟೆಗೂ ರಾಷ್ಟ್ರಪತಿಯಾಗಿದ್ದ ಬುಗಾಂಡದ ರಾಜ ಮುಟೇಸನಿಗೂ ಜಗಳವಾಯಿತು. ಒಬೋಟೆ ಸಂವಿಧಾನವನ್ನು ಬದಿಗಿಟ್ಟು ಅರಮನೆಯ ಮೇಲೆ ಸೈನ್ಯ ಬಿಟ್ಟ. ದಾಳಿಯ ಮುಂದಾಳು ಅಮೀನ್. ರಾಜ ಲಂಡನ್ನಿಗೆ ಓಡಿಹೋದ. ಕೋವಿ ಇದ್ದರೆ ಕಾನೂನು ಬೇಕಿಲ್ಲ ಅಂತ ಅಮೀನನಿಗೆ ತೋರಿಸಿಕೊಟ್ಟವನು ಒಬೋಟೆಯೇ!

1971ರ ಜನವರಿ 25ರಂದು ಒಬೋಟೆ ಸಭೆಯೊಂದಕ್ಕೆ ಸಿಂಗಾಪುರಕ್ಕೆ ಹೋಗಿದ್ದಾಗ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಕಂಪಾಲದ ಬೀದಿಗಳಲ್ಲಿ ಜನ ಹಬ್ಬ ಮಾಡಿದರು. ಒಬೋಟೆಯ ಕಾಟದಿಂದ ಅವರು ಬೇಸತ್ತಿದ್ದರು. ಅಮೀನ್ ರಾಜಕೀಯ ಕೈದಿಗಳನ್ನು ಬಿಡಿಸಿದ, ಚುನಾವಣೆ ಮಾಡಿಸುತ್ತೇನೆ ಅಂದ, ಲಂಡನ್ನಿನಲ್ಲಿ ತೀರಿಕೊಂಡಿದ್ದ ರಾಜನ ಶವ ತರಿಸಿ ಗೌರವದಿಂದ ಮಣ್ಣು ಮಾಡಿಸಿದ. ಹೋದವನ ಮೇಲಿನ ಸಿಟ್ಟಿನಲ್ಲಿ ಬಂದವನು ಎಂಥವನು ಅಂತ ಯಾರೂ ಕೇಳಲಿಲ್ಲ. ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇದೇ.

ಚುನಾವಣೆ ಬರಲೇ ಇಲ್ಲ. ಸಂಸತ್ತು ಮುಚ್ಚಿತು. ಅಮೀನನ ಬಾಯಿಂದ ಬಂದದ್ದೇ ಕಾನೂನು. ಅಚೋಲಿ, ಲಾಂಗಿ ಎಂಬ ಜನಾಂಗದ ಸೈನಿಕರು ಒಬೋಟೆಯ ಕಡೆಯವರೆಂದು ಬ್ಯಾರಕ್ಕುಗಳಲ್ಲೇ ಅವರನ್ನು ಕೊಲ್ಲಿಸಿದ. ಅವನ ಗೂಢಚಾರ ಪಡೆಗೆ ಇದ್ದ ಹೆಸರು 'ಸರ್ಕಾರಿ ಸಂಶೋಧನಾ ಕಚೇರಿ' ಅಂತ! ಅಲ್ಲಿ ನಡೆಯುತ್ತಿದ್ದದ್ದು ಮಾತ್ರ ಚಿತ್ರಹಿಂಸೆ. 1972ರಲ್ಲಿ ಮುಖ್ಯ ನ್ಯಾಯಮೂರ್ತಿ ಕಿವಾನುಕರನ್ನು ನ್ಯಾಯಾಲಯದಿಂದಲೇ ಎಳೆದುಕೊಂಡು ಹೋದರು. ಅವರು ಮತ್ತೆ ಬರಲಿಲ್ಲ. ನ್ಯಾಯಾಧೀಶರಿಗೇ ಈ ಗತಿಯಾದರೆ ರೈತನೊಬ್ಬ ಯಾರ ಬಳಿ ದೂರು ಕೊಡಬೇಕು? 1977ರಲ್ಲಿ ತಪ್ಪನ್ನು ತಪ್ಪು ಎಂದ ಕ್ರೈಸ್ತ ಧರ್ಮಗುರು ಜನಾನಿ ಲುವುಮ್ ಸತ್ತಾಗ ಸರ್ಕಾರ ಕಾರು ಅಪಘಾತ ಎಂದಿತು. ಅವರ ದೇಹದಲ್ಲಿ ಗುಂಡಿನ ಗಾಯಗಳಿದ್ದವು.

ನಮ್ಮ ದೇಶದವರಿಗೂ ಇದರ ಬಿಸಿ ತಟ್ಟಿತು. ಉಗಾಂಡದಲ್ಲಿ ಗುಜರಾತಿಗಳು, ಪಂಜಾಬಿಗಳು, ಗೋವಾದವರು ಅಂಗಡಿ, ಕಾರ್ಖಾನೆ ನಡೆಸುತ್ತಿದ್ದರು, ಕಚೇರಿಗಳಲ್ಲಿ ದುಡಿಯುತ್ತಿದ್ದರು. ಎಷ್ಟೋ ಜನ ಹುಟ್ಟಿದ್ದೇ ಅಲ್ಲಿ. 1972ರ ಆಗಸ್ಟ್‌ನಲ್ಲಿ ಅಮೀನ್ ಅವರಿಗೆ 90 ದಿನದ ಗಡುವು ಕೊಟ್ಟ. 50 ಸಾವಿರಕ್ಕೂ ಹೆಚ್ಚು ಏಷ್ಯಾದವರು ಮನೆ, ಅಂಗಡಿ ಬಿಟ್ಟು ಪೆಟ್ಟಿಗೆ ಹಿಡಿದು ಹೊರಟರು. ಅರ್ಧದಷ್ಟು ಜನ ಬ್ರಿಟನ್ನಿಗೆ ಹೋದರೆ, ಉಳಿದವರು ಭಾರತ, ಕೆನಡಾ ಮುಂತಾದ ಕಡೆ ಹೋದರು. ಅವರ ಅಂಗಡಿಗಳು ಸೈನಿಕರ ಪಾಲಾದವು. ಇದ್ದ ಮಾಲು ಮಾರಿದರು, ಮತ್ತೆ ತರಿಸಲು ಗೊತ್ತಾಗಲಿಲ್ಲ. ಕಬ್ಬು ಬೆಳೆಯುವ ನಾಡಿನಲ್ಲೇ ಸಕ್ಕರೆ ಸಿಗದಾಯಿತು. ಸೋಪು, ಉಪ್ಪಿಗೂ ಪರದಾಟ. ಹೊರಗಿನವರನ್ನು ಓಡಿಸಿದರೆ ಬಡವರು ಉದ್ಧಾರ ಆಗುತ್ತಾರೆ ಅಂದಿದ್ದ ಮಾತು ಹೀಗೆ ಸುಳ್ಳಾಯಿತು.

ಅಮೀನ್ ತನಗೆ ತಾನೇ ದೊಡ್ಡ ದೊಡ್ಡ ಬಿರುದು ಕೊಟ್ಟುಕೊಂಡ. ಭೂಮಿಯ ಮೃಗಗಳಿಗೂ ಸಮುದ್ರದ ಮೀನುಗಳಿಗೂ ಒಡೆಯನಂತೆ! ಹೊರದೇಶದ ಪತ್ರಿಕೆಗಳು ಅವನನ್ನು ಕೋಡಂಗಿ ಎಂದು ನಕ್ಕವು. ಒಳಗಿದ್ದವರಿಗೆ ನಗುವ ಧೈರ್ಯ ಎಲ್ಲಿತ್ತು?

1978ರಲ್ಲಿ ಅವನ ಸೈನ್ಯ ಪಕ್ಕದ ಟಾಂಜಾನಿಯಾಕ್ಕೆ ನುಗ್ಗಿತು. ಅಲ್ಲಿನ ಅಧ್ಯಕ್ಷ ನೈರೆರೆ ತಿರುಗಿಬಿದ್ದರು. ಉಗಾಂಡದಿಂದ ಓಡಿಹೋಗಿದ್ದವರೂ ಅವರ ಜೊತೆ ಸೇರಿದರು. 1979ರ ಏಪ್ರಿಲ್ 11ರಂದು ಕಂಪಾಲ ಬಿತ್ತು. ಅಮೀನ್ ಲಿಬಿಯಾಕ್ಕೆ ಓಡಿಹೋಗಿ, ಆಮೇಲೆ ಸೌದಿ ಅರೇಬಿಯಾದಲ್ಲಿ ನೆಲೆಸಿ, 2003ರಲ್ಲಿ ಆಸ್ಪತ್ರೆಯಲ್ಲಿ ಸತ್ತ. ಒಂದು ದಿನವೂ ಕಟಕಟೆ ಹತ್ತಲಿಲ್ಲ. ಕೊಲೆಯಾದವರು 80 ಸಾವಿರ ಎಂದು ಕೆಲವರು, 3 ಲಕ್ಷ ಎಂದು ಹಲವರು ಹೇಳುತ್ತಾರೆ. ಬರೆದಿಡುವವರ ಬಾಯನ್ನೇ ಮುಚ್ಚಿಸಿದರೆ ಸತ್ತವರ ಲೆಕ್ಕವೂ ಸಿಗುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಅಂತ ಹಿರಿಯರು ಹೇಳುತ್ತಾರೆ. ಉಗಾಂಡದಲ್ಲಿ ಬೇಲಿ ಅಲುಗಾಡಿದ್ದು 1971ರಲ್ಲಲ್ಲ, 1966ರಲ್ಲೇ ಅಂತ ನನಗೆ ಅನ್ನಿಸುತ್ತದೆ. ಪೌರನೀತಿಯಲ್ಲಿ ಸಂಸತ್ತು, ನ್ಯಾಯಾಲಯ, ಮತದಾನ ಅಂತ ಬಾಯಿಪಾಠ ಮಾಡುವಾಗ ನಮಗೆ ನಿದ್ದೆ ಬರುತ್ತದೆ ಅಲ್ವಾ? ಅವು ಇಲ್ಲದ ಊರಿನಲ್ಲಿ ಜನಕ್ಕೆ ನಿದ್ದೆಯೇ ಬರುತ್ತಿರಲಿಲ್ಲ. ನಿಮಗೆ ಬೇರೆ ರೀತಿ ಅನ್ನಿಸಿದರೆ ಮುಂದಿನ ಸಂಚಿಕೆಗೆ ಬರೆದು ಕೊಡಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ